ದಪ್ಪ ಪುಸ್ತಕಕ್ಕೆ ಮೂರು ದಾರಿ



ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಹೊರಬಂದದ್ದು 1967ರಲ್ಲಿ. ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ 1982ರಲ್ಲಿ. ಓದುವ ಹವ್ಯಾಸವಿರುವ ಮನೆಗಳಲ್ಲಿ ಈ ಮೂರರಲ್ಲಿ ಒಂದಾದರೂ ಕಪಾಟಿನಲ್ಲಿ ಇರುವುದುಂಟು. ಕೈಗೆತ್ತಿಕೊಂಡು ನೋಡಿ. ಎಷ್ಟೋ ಪ್ರತಿಗಳಲ್ಲಿ ಮೊದಲ ನೂರು ಪುಟಗಳ ಅಂಚು ಮಾತ್ರ ಬೆರಳಾಡಿ ಮಾಸಿರುತ್ತದೆ. ಅಲ್ಲಿಂದ ಮುಂದೆ ಅಂಗಡಿಯಿಂದ ತಂದ ದಿನದ ಹೊಳಪು ಹಾಗೇ ಇರುತ್ತದೆ.

ನಡುವೆ ನಿಲ್ಲಿಸಿದವರನ್ನು ವಿಚಾರಿಸಿದರೆ ಪುಸ್ತಕ ಹಿಡಿಸಲಿಲ್ಲ ಎನ್ನುವವರು ಕಡಿಮೆ. ಬಸ್ಸಿನಲ್ಲಿ ಹಿಡಿದುಕೊಂಡು ಓದಲಾಗಲಿಲ್ಲ ಎನ್ನುತ್ತಾರೆ. ಅಕ್ಷರ ಸಣ್ಣದು, ರಾತ್ರಿ ಕಣ್ಣು ಉರಿಯುತ್ತದೆ ಎನ್ನುತ್ತಾರೆ. ಮನೆಯಲ್ಲೊಂದು ಮದುವೆ ಬಂತು, ಎರಡು ವಾರ ಬಿಟ್ಟು ತೆರೆದಾಗ ಯಾರು ಯಾರ ಮಗ ಎಂಬುದೇ ಮರೆತಿತ್ತು ಎನ್ನುತ್ತಾರೆ. ಇವೆಲ್ಲ ನಿಜವಾದ ಕಾರಣಗಳು. ಇವಕ್ಕೆ ಪರಿಹಾರವೂ ಇದೆ. ಇಂದು ದೊಡ್ಡ ಪುಸ್ತಕವೊಂದನ್ನು ಕಾಗದದ ಮೇಲೆ ಓದಬಹುದು, ಇ-ರೀಡರಿನಲ್ಲೋ ಮೊಬೈಲಿನಲ್ಲೋ ಓದಬಹುದು, ಅಥವಾ ಕಿವಿಗೆ ಹಾಕಿಕೊಂಡು ಕೇಳಬಹುದು. ಈ ಮೂರರಲ್ಲಿ ಯಾವುದು ಮೇಲು ಎಂಬ ವಾದ ಮುಗಿಯುವುದಿಲ್ಲ. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೂ ಸರಳವಾದದ್ದು: ಈ ಪುಸ್ತಕ ನನ್ನ ಕೈಯಿಂದ ಜಾರುವುದು ಎಲ್ಲಿ? ಅದಕ್ಕೆ ಉತ್ತರ ಸಿಕ್ಕರೆ ಯಾವ ರೂಪ ಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಒಂದು ಸಂಕೋಚವನ್ನು ಬಿಡೋಣ. ಪುಸ್ತಕವನ್ನು ಕೇಳುವುದು ಓದುವುದಕ್ಕಿಂತ ಕೀಳು, ಅದು ಸೋಮಾರಿಗಳ ದಾರಿ ಎಂಬ ಭಾವನೆ ಅನೇಕರಲ್ಲಿದೆ. ಕನ್ನಡಿಗರು ಹಾಗೆ ಭಾವಿಸಲು ಕಾರಣವೇ ಇಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸ 15ನೆಯ ಶತಮಾನದಲ್ಲಿ ರಚಿಸಿದ ಭಾರತ ಹತ್ತು ಪರ್ವಗಳ ಕಾವ್ಯ. ಭಾಮಿನಿ ಷಟ್ಪದಿಯ ಎಂಟು ಸಾವಿರಕ್ಕೂ ಹೆಚ್ಚು ಪದ್ಯಗಳು ಅದರಲ್ಲಿವೆ. 1958ರಲ್ಲಿ ಮೈಸೂರು ಸರ್ಕಾರ ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಅದನ್ನು ಜನರಿಗೆ ಎಟುಕುವ ಬೆಲೆಗೆ ಅಚ್ಚು ಮಾಡಿಸಿತು. ಆದರೆ ಅಚ್ಚಿಗೆ ಬರುವ ಮೊದಲೂ, ಬಂದ ಮೇಲೂ, ಊರೂರಿನ ಜಗಲಿಗಳಲ್ಲಿ ಅದನ್ನು ಕೇಳಿಯೇ ಬಲ್ಲವರು ಓದಿ ಬಲ್ಲವರಿಗಿಂತ ಹೆಚ್ಚು. ಶಿವಮೊಗ್ಗದ ಬಳಿ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಹಾಡಿ ಕೇಳಿಸುವ ಕಲೆಗೆ, ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಸಂದಿತು. ಇತ್ತ ಚಾಮರಾಜನಗರದ ಕಡೆ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯವನ್ನು ರಾತ್ರಿಯಿಡೀ ಹಾಡುತ್ತಾರೆ. ಉದ್ದದ ಕೃತಿಯನ್ನು ಕಿವಿಯಿಂದ ಬರಮಾಡಿಕೊಳ್ಳುವುದು ನಮಗೆ ಹೊಸದಲ್ಲ.

ಈ ಪರಂಪರೆಯಿಂದ ಕಲಿಯಬೇಕಾದ ಒಂದು ವಿಷಯವಿದೆ. ಕುಮಾರವ್ಯಾಸನ ಪ್ರತಿಯೊಂದು ಸಂಧಿಯೂ ಒಂದು ಸೂಚನೆಯ ಪದ್ಯದಿಂದ ಆರಂಭವಾಗುತ್ತದೆ. ಮುಂದೆ ಬರುವ ಕಥೆಯ ಸಾರವನ್ನು ಅದು ಮೊದಲೇ ಹೇಳಿಬಿಡುತ್ತದೆ. ಗಮಕಿ ಹಾಡಿದ ಪದ್ಯಕ್ಕೆ ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅರ್ಥ ಹೇಳುತ್ತಾರೆ, ಹಿಂದಿನ ಕಥೆಯ ಕೊಂಡಿ ಹಾಕುತ್ತಾರೆ. ಕೇಳುವವರಿಗೆ ಪಾಂಡವರು ಯಾರು, ಕೌರವರು ಯಾರು ಎಂಬುದು ಬಾಲ್ಯದಿಂದಲೇ ಗೊತ್ತಿರುತ್ತದೆ. ಒಂದು ಕೂಟದಲ್ಲಿ ಒಂದು ಪ್ರಸಂಗ, ಹೆಚ್ಚಿಲ್ಲ. ಉದ್ದದ ಕಾವ್ಯ ಕಿವಿಯಲ್ಲಿ ಕಳೆದುಹೋಗದಂತೆ ನಮ್ಮ ಹಿರಿಯರು ಇಷ್ಟೆಲ್ಲ ಊರುಗೋಲು ಕೊಟ್ಟಿದ್ದರು. ಇಂದು ಇಯರ್‌ಫೋನ್ ಹಾಕಿಕೊಂಡು ಒಂದು ಹೊಸ ಕಾದಂಬರಿಯನ್ನು ಕೇಳಹೊರಟವರ ಬಳಿ ಆ ಊರುಗೋಲು ಇಲ್ಲ. ಕೇಳುವಿಕೆ ಸೋಲುವುದು ಅಲ್ಲಿ. ಸೋತಾಗ ನಾವು ಕಿವಿಯನ್ನು ದೂರುತ್ತೇವೆ.

ಸಂಶೋಧನೆಗಳು ಏನು ಹೇಳುತ್ತವೆ ಎಂಬುದನ್ನೂ ನೋಡೋಣ. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಫಾತ್ಮಾ ದೆನಿಜ್ ಮತ್ತು ಸಂಗಡಿಗರು ಒಂಬತ್ತು ಮಂದಿಯ ಮಿದುಳನ್ನು ಎಂಆರ್‌ಐ ಯಂತ್ರದಲ್ಲಿ ಗಮನಿಸಿದರು. ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಬಂದಿದ್ದ ಕಥೆಗಳನ್ನೇ ಅವರಿಗೆ ಒಮ್ಮೆ ಕೇಳಿಸಿ, ಇನ್ನೊಮ್ಮೆ ಓದಿಸಿದರು. ಮಾತಿನ ಅರ್ಥವನ್ನು ಗ್ರಹಿಸುವ ಭಾಗಗಳು ಎರಡೂ ಸಲ ಬಹುಮಟ್ಟಿಗೆ ಒಂದೇ ರೀತಿ ಕೆಲಸ ಮಾಡಿದವು. ಅಂದರೆ ಕಣ್ಣಿನಿಂದ ಬಂದರೂ ಕಿವಿಯಿಂದ ಬಂದರೂ ಅರ್ಥ ಸೇರುವ ಮನೆ ಒಂದೇ.

ಅದೇ 2019ರಲ್ಲಿ ನಾರ್ವೆಯ ಸ್ಟಾವಂಗರ್ ವಿಶ್ವವಿದ್ಯಾಲಯದ ಆನ್ನೆ ಮಾಂಗೆನ್ ಮತ್ತು ಸಂಗಡಿಗರ ಇನ್ನೊಂದು ಅಧ್ಯಯನ ಪ್ರಕಟವಾಯಿತು. ನಮ್ಮ ವಿಷಯಕ್ಕೆ ಅದು ಇನ್ನೂ ಹತ್ತಿರದ್ದು. ಐವತ್ತು ಮಂದಿಗೆ 28 ಪುಟಗಳ ಒಂದು ಪತ್ತೇದಾರಿ ಕಥೆ ಕೊಟ್ಟರು. ಅರ್ಧದಷ್ಟು ಮಂದಿ ಮುದ್ರಿತ ಪುಸ್ತಕದಲ್ಲಿ, ಉಳಿದವರು ಕಿಂಡಲ್ ಎಂಬ ಇ-ರೀಡರಿನಲ್ಲಿ ಓದಿದರು. ಬಹುಪಾಲು ಪರೀಕ್ಷೆಗಳಲ್ಲಿ ಎರಡೂ ಗುಂಪು ಸಮನಾಗಿದ್ದವು. ಆದರೆ ಯಾವ ಘಟನೆ ಮೊದಲು, ಯಾವುದು ನಂತರ ಎಂದು ಕ್ರಮವಾಗಿ ಜೋಡಿಸುವುದರಲ್ಲಿ ಕಾಗದದ ಮೇಲೆ ಓದಿದವರು ಮುಂದಿದ್ದರು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಮುದ್ರಿತ ಪುಸ್ತಕದಲ್ಲಿ ಎಡಗೈಯ ಪುಟಗಳು ದಪ್ಪವಾಗುತ್ತ, ಬಲಗೈಯವು ತೆಳ್ಳಗಾಗುತ್ತ ಹೋಗುತ್ತವೆ. ಆ ಜಗಳ ನಡೆದದ್ದು ಮೊದಲ ಭಾಗದಲ್ಲಿ, ಎಡಪುಟದ ಕೆಳಗಡೆ ಎಂದು ಕೈಯೂ ಕಣ್ಣೂ ನೆನಪಿಟ್ಟುಕೊಳ್ಳುತ್ತವೆ. ಪರದೆಯ ಮೇಲೆ ಎಲ್ಲ ಪುಟವೂ ಒಂದೇ ಜಾಗದಲ್ಲಿ ಬಂದು ಹೋಗುತ್ತದೆ.

28 ಪುಟಗಳಲ್ಲೇ ಈ ವ್ಯತ್ಯಾಸ ಕಂಡರೆ ಆರೇಳು ನೂರು ಪುಟಗಳ ಕಾದಂಬರಿಯಲ್ಲಿ ಕ್ರಮದ ನೆನಪಿಗೆ ಎಷ್ಟು ಬೆಲೆಯಿದೆ ಎಂದು ಯೋಚಿಸಿ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ತೆಗೆದುಕೊಳ್ಳಿ. ಅದಕ್ಕೆ ಒಬ್ಬ ನಾಯಕ, ಒಬ್ಬ ನಾಯಕಿ ಎಂಬುದಿಲ್ಲ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಹೀಗೆ ಜೋಡಿಗಳ ಮೇಲೆ ಜೋಡಿಗಳು. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಂಬ ಊರುಗಳು. ಒಂದು ಮನೆಯಲ್ಲಿ ಕೆಲಸ ಮಾಡುವ ಆಳಿಗೂ ಇನ್ನೊಂದು ಮನೆಯ ಒಡೆಯನಿಗೂ ಇರುವ ಸಂಬಂಧ, ಸಾಲ, ಹಗೆ. ಹುಲಿಯ ಎಂಬ ನಾಯಿಯೂ ಅಲ್ಲಿ ಒಂದು ಮುಖ್ಯ ಪಾತ್ರ. ಇಂಥ ಪುಸ್ತಕ ಜಾರುವುದು ಹೆಸರುಗಳಲ್ಲಿ ಮತ್ತು ಜಾಗಗಳಲ್ಲಿ. ಓದುವವರು ಪದೇ ಪದೇ ಹಿಂದಕ್ಕೆ ಹೋಗಿ ನೋಡಲೇಬೇಕು. ಅದಕ್ಕಾಗಿ ಮೊದಲ ಓದಿಗೆ ಮುದ್ರಿತ ಪ್ರತಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಮನೆಗಳ ಹೆಸರು ಬರೆದು, ಒಂದೊಂದರ ಕೆಳಗೆ ಅಲ್ಲಿನ ಜನರ ಹೆಸರು ಸೇರಿಸುತ್ತ ಹೋಗಿ. ನೂರು ಪುಟ ದಾಟುವಷ್ಟರಲ್ಲಿ ಆ ಮಲೆನಾಡಿನ ನಕ್ಷೆ ನಿಮ್ಮದೇ ಅಕ್ಷರದಲ್ಲಿ ಸಿದ್ಧವಾಗಿರುತ್ತದೆ.

ಕೊಳ್ಳುವಾಗ ಬೈಂಡಿಂಗ್ ನೋಡಿ. ದಪ್ಪ ಪುಸ್ತಕಕ್ಕೆ ಬರೀ ಅಂಟು ಹಾಕಿದ ಬೆನ್ನು ಸಾಲದು. ನಡುವೆ ಅಗಲಿಸಿದರೆ ಬಿರಿದು ಹಾಳೆ ಉದುರುತ್ತದೆ. ಮಡಿಚಿದ ಹಾಳೆಗಳ ಕಟ್ಟುಗಳನ್ನು ದಾರದಿಂದ ಹೊಲಿದ ಪ್ರತಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತೆಗೆದುಕೊಳ್ಳಿ. ಎರಡು ಸಂಪುಟಗಳಲ್ಲಿ ಬಂದಿದ್ದರೆ ಇನ್ನೂ ಒಳ್ಳೆಯದು, ಮಲಗಿಕೊಂಡು ಓದುವವರ ಮಣಿಕಟ್ಟಿಗೆ ಅರ್ಧ ಭಾರ ಕಡಿಮೆ.

ಇನ್ನು ಇ-ರೀಡರ್. ಇದರ ಪರದೆ ಮೊಬೈಲಿನ ಪರದೆಯಂತಲ್ಲ. ಕೂದಲೆಳೆಯಷ್ಟು ಸಣ್ಣ ಕೋಶಗಳಲ್ಲಿ ಕಪ್ಪು ಮತ್ತು ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಅವು ಮೇಲೆ ಕೆಳಗೆ ಸರಿದು ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲಲು ವಿದ್ಯುತ್ ಬೇಕಿಲ್ಲ. ಅದಕ್ಕೇ ಒಂದು ಸಲ ಚಾರ್ಜ್ ಮಾಡಿದರೆ ವಾರಗಟ್ಟಲೆ ನಡೆಯುತ್ತದೆ, ಬಿಸಿಲಿನಲ್ಲೂ ಓದಬಹುದು. ತೂಕ ಸುಮಾರು ಇನ್ನೂರು ಗ್ರಾಂ. ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ತುಂಬಿಸಿದರೂ ಅಷ್ಟೇ, ಹತ್ತು ಪುಟದ ಕಥೆ ತುಂಬಿಸಿದರೂ ಅಷ್ಟೇ. ಅರವತ್ತು ದಾಟಿದ ಓದುಗರಿಗೆ ಎಲ್ಲಕ್ಕಿಂತ ದೊಡ್ಡ ವರವೆಂದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳುವ ಅನುಕೂಲ. ನೂರು ಪುಟಗಳ ಹಿಂದೆ ಬಂದಿದ್ದ ಒಬ್ಬ ರಾಜಕುಮಾರ ಮತ್ತೆ ಕಾಣಿಸಿಕೊಂಡಾಗ ಅವನ ಹೆಸರನ್ನು ಹುಡುಕಿಸಿದರೆ ಮೊದಲು ಬಂದ ಜಾಗವೇ ಎದುರಿಗೆ ಬರುತ್ತದೆ. ರಷ್ಯನ್ ಕಾದಂಬರಿಗಳಲ್ಲಿ ಒಬ್ಬನೇ ವ್ಯಕ್ತಿಗೆ ತಂದೆಯ ಹೆಸರು, ಮನೆತನದ ಹೆಸರು, ಮುದ್ದಿನ ಹೆಸರು ಎಂದು ಮೂರು ನಾಲ್ಕು ಬಗೆಯ ಕರೆ ಇರುವುದರಿಂದ ಈ ಹುಡುಕಾಟ ದೊಡ್ಡ ಸಹಾಯ.

ಆದರೆ ಕನ್ನಡದ ಓದುಗರಿಗೆ ಇಲ್ಲಿ ತೊಡಕುಂಟು. 2016ರ ಕೊನೆಯಲ್ಲಿ ಕಿಂಡಲ್ ಭಾರತದ ಐದು ಭಾಷೆಗಳ ಪುಸ್ತಕಗಳನ್ನು ಮಾರಲು ಆರಂಭಿಸಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಅದರಲ್ಲಿ ಇರಲಿಲ್ಲ. ಆ ಕೊರತೆಯನ್ನು ಬೇರೆಯವರು ತುಂಬಬೇಕಾಯಿತು. 2020ರಿಂದ ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್ ಇ-ಪುಸ್ತಕಗಳನ್ನೂ ಆಡಿಯೊ ಪುಸ್ತಕಗಳನ್ನೂ ಮೊಬೈಲಿಗೆ ತಂದಿದೆ. ಹೊರದೇಶದಲ್ಲಿರುವ ಕನ್ನಡಿಗರಿಗೆ ಅಂಚೆಯ ಖರ್ಚಿಲ್ಲದೆ ಪುಸ್ತಕ ಸಿಗುವುದು ಈ ದಾರಿಯಲ್ಲೇ. ಅಂತರ್ಜಾಲದಲ್ಲಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಸಾವಿರಗಟ್ಟಲೆ ಇವೆ. ಸಂಶೋಧಕರಿಗೆ ಅವು ನಿಧಿ. ಆದರೆ ಸ್ಕ್ಯಾನ್ ಎಂದರೆ ಪುಟದ ಫೋಟೊ. ಆರು ಇಂಚಿನ ಪರದೆಯಲ್ಲಿ ಅದರ ಅಕ್ಷರವನ್ನಷ್ಟೇ ಹಿಗ್ಗಿಸಲು ಬರುವುದಿಲ್ಲ. ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಪುಟವನ್ನು ಎಳೆದಾಡುತ್ತ ಐನೂರು ಪುಟ ಓದುವ ತಾಳ್ಮೆ ಯಾರಿಗೂ ಇರದು. ದೊಡ್ಡ ಪುಸ್ತಕವನ್ನು ಪರದೆಯ ಮೇಲೆ ಓದುವುದಾದರೆ ಅದು ಯೂನಿಕೋಡ್‌ನಲ್ಲಿ ಅಕ್ಷರ ಜೋಡಿಸಿದ ನಿಜವಾದ ಇ-ಪುಸ್ತಕವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಮೊಬೈಲಿನಲ್ಲಿ ಓದುವವರು ಓದುವಷ್ಟು ಹೊತ್ತು ಸಂದೇಶಗಳ ಸದ್ದನ್ನು ನಿಲ್ಲಿಸಿಡಿ. ಪ್ರತಿ ಐದು ನಿಮಿಷಕ್ಕೊಮ್ಮೆ ಕತ್ತರಿಸಿಹೋಗುವ ಗಮನದಲ್ಲಿ ದೊಡ್ಡ ಕಾದಂಬರಿ ನಿಲ್ಲುವುದಿಲ್ಲ.

ಇನ್ನೊಂದು ಎಚ್ಚರಿಕೆ. 2009ರ ಜುಲೈಯಲ್ಲಿ ಅಮೆಜಾನ್ ಕಂಪನಿ, ಹಕ್ಕಿನ ತಕರಾರು ಬಂತೆಂದು, ಜಾರ್ಜ್ ಆರ್ವೆಲ್ ಅವರ ‘1984’ ಮತ್ತು ‘ಅನಿಮಲ್ ಫಾರ್ಮ್’ ಪುಸ್ತಕಗಳ ಪ್ರತಿಗಳನ್ನು ಕೊಂಡವರ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಹಣ ಮರಳಿ ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಅದಿರಲಿ, ನಾವು ಕೊಳ್ಳುವ ಇ-ಪುಸ್ತಕದಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಓದುವ ಅನುಮತಿ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಜೀವನದಲ್ಲಿ ಮತ್ತೆ ಮತ್ತೆ ತೆರೆಯುವಂಥ, ಮಕ್ಕಳಿಗೆ ಬಿಟ್ಟುಹೋಗುವಂಥ ಪುಸ್ತಕ ಕಾಗದದಲ್ಲಿ ಮನೆಯಲ್ಲಿರಲಿ.

ಈಗ ಕೇಳುವ ಪುಸ್ತಕಕ್ಕೆ ಬರೋಣ. ಇದು ಹುಟ್ಟಿದ್ದು ಕಣ್ಣು ಕಾಣದವರಿಗಾಗಿ. ಅಮೆರಿಕದಲ್ಲಿ 1930ರ ದಶಕದಲ್ಲಿ, ಬ್ರಿಟನ್ನಿನಲ್ಲಿ 1935ರಲ್ಲಿ, ನಿಧಾನವಾಗಿ ತಿರುಗುವ ಗ್ರಾಮಾಫೋನ್ ತಟ್ಟೆಗಳ ಮೇಲೆ ಇಡೀ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸತೊಡಗಿದರು. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರೂ ಅವುಗಳ ಕೇಳುಗರಾಗಿದ್ದರು. ಒಂದು ಕಾದಂಬರಿಗೆ ತಟ್ಟೆಗಳ ರಾಶಿಯೇ ಬೇಕಾಗುತ್ತಿತ್ತು. ಇಂದು ಅರವತ್ತು ಗಂಟೆಗಳ ಪುಸ್ತಕ ಜೇಬಿನಲ್ಲಿರುತ್ತದೆ. ‘ಯುದ್ಧ ಮತ್ತು ಶಾಂತಿ’ಯ ಇಂಗ್ಲಿಷ್ ಆಡಿಯೊ ಪ್ರತಿಯ ಉದ್ದ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ ಒಂದು ಗಂಟೆಯಂತೆ ಕೇಳಿದರೆ ಎರಡು ತಿಂಗಳು. ಬೆಂಗಳೂರಿನ ದಟ್ಟಣೆಯಲ್ಲಿ ದಿನಾ ಒಂದು ಗಂಟೆ ಕಳೆಯುವವರು ಎಷ್ಟಿಲ್ಲ? ಅಡುಗೆಮನೆಯಲ್ಲಿ, ತೋಟದಲ್ಲಿ, ಹೊಲಿಗೆ ಯಂತ್ರದ ಮುಂದೆ ಕೈ ಕೆಲಸದಲ್ಲಿದ್ದು ಕಿವಿ ಬಿಡುವಾಗಿರುವವರು ಎಷ್ಟಿಲ್ಲ? ಪುಸ್ತಕ ಹಿಡಿದು ಕೂರುವ ಬಿಡುವು ಎಂದೂ ಸಿಗದ ಹೆಂಗಸರಿಗೆ, ದುಡಿಯುವವರಿಗೆ ದೊಡ್ಡ ಕಾದಂಬರಿಯ ಬಾಗಿಲು ತೆರೆಯುವುದು ಆಡಿಯೊದಿಂದಲೇ.

ಯಾವ ಪುಸ್ತಕ ಕಿವಿಗೆ ಒಗ್ಗುತ್ತದೆ? ಹೇಳುವ ದನಿಯೇ ಬಲವಾಗಿರುವ ಪುಸ್ತಕ ಒಗ್ಗುತ್ತದೆ. ಊರಿನ ಆಡುಮಾತಿನಲ್ಲಿ ಬರೆದ ಸಂಭಾಷಣೆ ಒಗ್ಗುತ್ತದೆ. ಕಾಗದದ ಮೇಲೆ ತಡವರಿಸಿ ಓದುವ ಮಲೆನಾಡಿನ ಮಾತನ್ನು ಬಲ್ಲವರ ಬಾಯಲ್ಲಿ ಕೇಳಿದಾಗ ಅದರ ಬನಿ ತಟ್ಟನೆ ತಿಳಿಯುತ್ತದೆ. ಕಾಲಕ್ರಮ ನೇರವಾಗಿ ಸಾಗುವ ಆತ್ಮಕಥೆ, ಪ್ರವಾಸಕಥೆ, ಐತಿಹಾಸಿಕ ಕಾದಂಬರಿ ಒಗ್ಗುತ್ತವೆ. ‘ಪರ್ವ’ದಂಥ ಕೃತಿ ಸ್ವಲ್ಪ ಬೇರೆ. ಅಲ್ಲಿ ಮದ್ರದ ಮುದುಕ ಶಲ್ಯನಿಂದ ಮೊದಲಾಗಿ ಕುಂತಿ, ಭೀಮ, ದ್ರೌಪದಿ, ಕರ್ಣ ಎಂದು ಒಬ್ಬೊಬ್ಬರ ಮನಸ್ಸಿನೊಳಗೆ ಕಥೆ ನಡೆಯುತ್ತದೆ. ಒಂದೇ ಅಧ್ಯಾಯದಲ್ಲಿ ಇಂದಿನ ಯುದ್ಧದ ಸಿದ್ಧತೆ, ನಲವತ್ತು ವರ್ಷದ ಹಿಂದಿನ ನೆನಪು ಎರಡೂ ಹೆಣೆದುಕೊಳ್ಳುತ್ತವೆ. ತರಕಾರಿ ಹೆಚ್ಚುತ್ತ ಅರೆಗಳಿಗೆ ಗಮನ ತಪ್ಪಿದರೂ ಕಾಲ ತಪ್ಪುತ್ತದೆ. ಆದರೆ ಮಹಾಭಾರತದ ಕಥೆ ನಮಗೆ ಗೊತ್ತಿರುವುದರಿಂದ ಜಗಲಿಯ ಕೇಳುಗರಿಗಿದ್ದ ಆಸರೆ ನಮಗೂ ಇದೆ. ಹಾಗಾಗಿ ಒಮ್ಮೆ ಓದಿದವರು ಎರಡನೆಯ ಸಲ ‘ಪರ್ವ’ವನ್ನು ಗಟ್ಟಿಯಾಗಿ ಓದಿಸಿ ಕೇಳಿ ಎಂದು ಧೈರ್ಯವಾಗಿ ಹೇಳುತ್ತೇನೆ. ಮನಸ್ಸಿನ ಮಾತು ಒಂದು ದನಿಯಲ್ಲಿ ಕೇಳಿದಾಗ ಅದರ ನೋವು ಬೇರೆಯೇ ಆಗಿ ತಾಗುತ್ತದೆ.

ವಾದಗಳಿಂದ ತುಂಬಿದ ಇತಿಹಾಸ, ತತ್ತ್ವಶಾಸ್ತ್ರ, ಅಂಕಿ-ಅಂಶ, ಅಡಿಟಿಪ್ಪಣಿ ಇರುವ ಪುಸ್ತಕಗಳಿಗೆ ಕಾಗದವೇ ಸರಿ. 2018ರಲ್ಲಿ ಸ್ಪೇನಿನ ವೆಲೆನ್ಸಿಯಾ ವಿಶ್ವವಿದ್ಯಾಲಯದ ಪಾಬ್ಲೊ ಡೆಲ್ಗಾಡೊ ಮತ್ತು ಸಂಗಡಿಗರು 54 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. 1,70,000ಕ್ಕೂ ಹೆಚ್ಚು ಓದುಗರ ಫಲಿತಾಂಶ ಅದರಲ್ಲಿತ್ತು. ಮಾಹಿತಿಯ ಬರಹವನ್ನು ಗ್ರಹಿಸುವುದರಲ್ಲಿ ಪರದೆಗಿಂತ ಕಾಗದ ಮೇಲಾಯಿತು, ಅದರಲ್ಲೂ ಸಮಯದ ಒತ್ತಡವಿದ್ದಾಗ. ಬರೀ ಕಥೆಯ ಓದಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಪರೀಕ್ಷೆಗೆ ಓದುವ ಮಕ್ಕಳ ತಂದೆತಾಯಿಗಳು ಇದನ್ನು ಮನಸ್ಸಿನಲ್ಲಿಡಬೇಕು. ಕಥೆ ಓದುವವರು ಪರದೆಗೆ ಹೆದರಬೇಕಾಗಿಲ್ಲ.

ಆಡಿಯೊ ಆರಿಸುವಾಗ ಎರಡು ವಿಷಯ ನೋಡಿ. ಪುಸ್ತಕ ಪೂರ್ತಿ ಇದೆಯೋ, ಸಂಕ್ಷೇಪವೋ ಎಂಬುದು ಮೊದಲನೆಯದು. ಓದುವವರ ದನಿ ನಿಮಗೆ ಹಿಡಿಸುತ್ತದೆಯೇ ಎಂಬುದು ಎರಡನೆಯದು. ಮಾದರಿ ಭಾಗವನ್ನು ಹತ್ತು ನಿಮಿಷ ಕೇಳಿ. ಅರವತ್ತು ಗಂಟೆ ಜೊತೆಯಲ್ಲಿರಬೇಕಾದ ದನಿ ಅದು. ಉಚ್ಚಾರ ಸ್ಪಷ್ಟವಾಗಿರಬೇಕು, ಅವಸರವಿರಬಾರದು, ಪ್ರತಿ ಪಾತ್ರಕ್ಕೂ ನಾಟಕದಂತೆ ಗಂಟಲು ಬದಲಿಸುವ ಅಬ್ಬರವೂ ಇರಬಾರದು. ಇನ್ನು ಸೂಚನೆಯ ಪದ್ಯದ ಕೆಲಸವನ್ನು ನಾವೇ ಮಾಡಿಕೊಳ್ಳಬಹುದು. ಪ್ರತಿ ದಿನ ಕೇಳಿ ಮುಗಿಸಿದ ಮೇಲೆ, ಇಂದು ಏನಾಯಿತು ಎಂದು ಎರಡು ಸಾಲು ಬರೆದಿಡಿ. ಮರುದಿನ ಅದನ್ನು ಓದಿಕೊಂಡು ಮುಂದಕ್ಕೆ ಕೇಳಿ. ವಾರ ಕಳೆದು ತೆರೆದರೂ ದಾರಿ ತಪ್ಪುವುದಿಲ್ಲ.

ಒಂದೇ ರೂಪಕ್ಕೆ ಅಂಟಿಕೊಳ್ಳಬೇಕೆಂಬ ನಿಯಮವೂ ಇಲ್ಲ. ದೊಡ್ಡ ಪುಸ್ತಕಗಳು ಮೊದಲಿನಿಂದಲೂ ತುಂಡುತುಂಡಾಗಿಯೇ ಓದುಗರನ್ನು ತಲುಪಿವೆ. ‘ಯುದ್ಧ ಮತ್ತು ಶಾಂತಿ’ 1865ರಿಂದ ರಷ್ಯದ ಒಂದು ಪತ್ರಿಕೆಯಲ್ಲಿ ಕಂತಿನಲ್ಲಿ ಬರತೊಡಗಿ, ಪೂರ್ತಿ ಪುಸ್ತಕವಾದದ್ದು 1869ರಲ್ಲಿ. ನಮ್ಮಲ್ಲಿ ‘ಪ್ರಜಾಮತ’, ‘ಸುಧಾ’, ‘ಕರ್ಮವೀರ’ಗಳ ಧಾರಾವಾಹಿಗಾಗಿ ವಾರವಿಡೀ ಕಾದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣದಲ್ಲಿ ರಾತ್ರಿಯಿಡೀ ನಡೆಯುವ ನಾಟಕವಾದಾಗ, ನೋಡಿ ಬಂದ ಎಷ್ಟೋ ಜನ ಪುಸ್ತಕಕ್ಕೆ ಮರಳಿದರು. ಒಂದು ರೂಪ ಇನ್ನೊಂದಕ್ಕೆ ಕರೆದೊಯ್ಯುತ್ತದೆ. ಮನೆಯಲ್ಲಿ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಕಷ್ಟದ ಅಧ್ಯಾಯ, ಹೊಸ ಹೆಸರುಗಳು ಬರುವ ಭಾಗ ಅದರಲ್ಲಿ ಓದಿ. ಪ್ರಯಾಣದಲ್ಲಿ ಅದರ ಇ-ಪುಸ್ತಕ ಅಥವಾ ಆಡಿಯೊ ಮುಂದುವರಿಸಿ. ಆರಂಭದ ಐವತ್ತು ಪುಟ ಮಾತ್ರ ಕಾಗದದಲ್ಲೇ ಆಗಲಿ, ಪಾತ್ರಗಳ ಪರಿಚಯ ಗಟ್ಟಿಯಾಗುವುದು ಅಲ್ಲೇ.

ಕೊನೆಯದಾಗಿ, ಆಯ್ಕೆಯೇ ಇಲ್ಲದವರ ಮಾತು. ದೃಷ್ಟಿಯಿಲ್ಲದವರಿಗೆ, ಪುಸ್ತಕ ಹಿಡಿಯುವ ಶಕ್ತಿ ಕೈಗಿಲ್ಲದವರಿಗೆ ಓದಲು ಬರುವ ರೂಪದಲ್ಲಿ ಪುಸ್ತಕ ಸಿಗಬೇಕೆಂದು 2013ರಲ್ಲಿ ಮರಾಕೆಶ್ ಒಪ್ಪಂದವಾಯಿತು. ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ, 2014ರಲ್ಲಿ. ಅದಕ್ಕೂ ಮೊದಲೇ, 2012ರಲ್ಲಿ, ನಮ್ಮ ಕೃತಿಸ್ವಾಮ್ಯ ಕಾನೂನು ತಿದ್ದುಪಡಿಯಾಗಿ ಇಂಥ ಪ್ರತಿಗಳಿಗೆ ಅವಕಾಶ ಕೊಟ್ಟಿತ್ತು. 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯ ಆರಂಭವಾಯಿತು. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ಮಾತನಾಡುವ ಪುಸ್ತಕಗಳನ್ನು ತಯಾರಿಸುತ್ತಿದೆ. ಕಾನೂನು ಇದೆ, ದಾರಿ ಇದೆ. ಬೇಕಾಗಿರುವುದು ಕನ್ನಡದ ಪುಸ್ತಕಗಳು, ಅವನ್ನು ಓದಿ ಕೊಡುವ ದನಿಗಳು. ಸ್ಪಷ್ಟವಾಗಿ ಓದಬಲ್ಲವರು ವಾರಕ್ಕೆ ಒಂದೆರಡು ಗಂಟೆ ಇಂಥ ಕೆಲಸಕ್ಕೆ ಕೊಡಿ. ಪ್ರಕಾಶಕರು ದೊಡ್ಡ ಕೃತಿಯನ್ನು ಮರುಮುದ್ರಿಸುವಾಗಲೇ ಅದರ ಯೂನಿಕೋಡ್ ಪ್ರತಿಯನ್ನೂ ಆಡಿಯೊವನ್ನೂ ಸಿದ್ಧಮಾಡಲಿ. ಓದುಗರು ಅಂಗಡಿಗೆ ಹೋದಾಗ ಮೂರೂ ರೂಪಗಳನ್ನು ಕೇಳಲಿ. ಕೇಳುವವರಿದ್ದರೆ ಮಾಡುವವರು ಹುಟ್ಟುತ್ತಾರೆ.

ನಿಮ್ಮ ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿಯೋ, ತಾತನೋ ಇದ್ದರೆ ಯಾವ ಯಂತ್ರಕ್ಕೂ ಕಾಯಬೇಡಿ. ಊಟವಾದ ಮೇಲೆ ಪಕ್ಕದಲ್ಲಿ ಕುಳಿತು ದಿನಕ್ಕೆ ಹತ್ತು ಪುಟ ಗಟ್ಟಿಯಾಗಿ ಓದಿ. ಮಕ್ಕಳೂ ಬಂದು ಕೂರಲಿ. ಒಂದು ವರ್ಷದಲ್ಲಿ ಕನ್ನಡದ ನಾಲ್ಕೈದು ದೊಡ್ಡ ಕಾದಂಬರಿಗಳು ಆ ಮನೆಯ ಎಲ್ಲರ ಸ್ವತ್ತಾಗುತ್ತವೆ. ಯಾವ ದಾರಿ ಹಿಡಿದರೂ ಸರಿ, ಕೊನೆಯ ಪುಟದವರೆಗೆ ಹೋಗಿ. ಏಕೆಂದರೆ ದೊಡ್ಡ ಪುಸ್ತಕ ಬರೆದವರು ತಮ್ಮ ಬಾಳಿನ ವರ್ಷಗಳನ್ನು ಅದರಲ್ಲಿ ಇಟ್ಟಿದ್ದಾರೆ. ಆ ಇಡೀ ಬದುಕನ್ನು ಕಾಣುವ ಹಕ್ಕು ಓದಿದವರಿಗೂ ಕೇಳಿದವರಿಗೂ ಸಮನಾಗಿ ಇದೆ.